ಹೊಸ ಲಿಂಕ್‌ಗೆ ಎರಡು /24 (ತಲಾ 256 ಐಪಿ ವಿಳಾಸಗಳ ಬ್ಲಾಕ್) ಕೊಟ್ಟರೂ ಟ್ರಾಫಿಕ್ ಹಳೇ ಲಿಂಕ್‌ನಲ್ಲೇ ಬರುತ್ತಿದ್ದರೆ
ಇದು ಬಹುಶಃ ಆರ್‌ಒಎ (ಯಾವ ಐಪಿ ಬ್ಲಾಕನ್ನು ಯಾವ ನೆಟ್‌ವರ್ಕ್ ಅನೌನ್ಸ್ ಮಾಡಬಹುದು ಅನ್ನುವ ಸಹಿ ಇರುವ ದಾಖಲೆ) ತೊಂದರೆ. ನಿಮ್ಮ /22 (ನಾಲ್ಕು /24 ಸೇರಿದ ಬ್ಲಾಕ್) ಹಳೇ ಇಂಟರ್‌ನೆಟ್ ಕ್ಯಾರಿಯರ್‌ನಲ್ಲೇ ಇದೆ, ಅದರೊಳಗಿನ ಎರಡು /24 ಹೊಸ ಲಿಂಕ್‌ನಲ್ಲಿ ಅನೌನ್ಸ್ ಮಾಡಿದ್ದೀರಿ ಅಲ್ವಾ? ಆರ್‌ಒಎಯಲ್ಲಿ ಮ್ಯಾಕ್ಸ್ ಲೆಂಗ್ತ್ (ಎಷ್ಟು ಸಣ್ಣ ಬ್ಲಾಕ್‌ವರೆಗೆ ಒಪ್ಪಿಗೆ ಅನ್ನುವ ಮಿತಿ) 22 ಅಂತಲೇ ಇದ್ದರೆ ಆ /24ಗಳು ಇನ್‌ವ್ಯಾಲಿಡ್. ಆರ್‌ಪಿಕೆಐ (ಆರ್‌ಒಎಗಳನ್ನು ನೋಡಿ ರೂಟ್ ಸರಿಯೇ ಎಂದು ತಾಳೆ ಹಾಕುವ ವ್ಯವಸ್ಥೆ) ಪರೀಕ್ಷಿಸುವ ನೆಟ್‌ವರ್ಕ್‌ಗಳು ಅವನ್ನು ಕೈಬಿಟ್ಟು /22 ಹಿಡಿದು ಹಳೇ ಲಿಂಕ್‌ನಲ್ಲೇ ಬರುತ್ತವೆ.

ಮೊದಲು ರೈಪ್‌ಸ್ಟ್ಯಾಟ್ ಅನ್ನುವ ವೆಬ್ ಸಾಧನದಲ್ಲಿ ಒಂದು /24 ಹಾಕಿ, ಆರ್‌ಪಿಕೆಐ ಸ್ಥಿತಿ ನೋಡಿ. ಇನ್‌ವ್ಯಾಲಿಡ್ ಇದ್ದರೆ ನಿಮಗೆ ಐಪಿ ಕೊಟ್ಟ ರಿಜಿಸ್ಟ್ರಿಯ ಪೋರ್ಟಲ್‌ಗೆ ಹೋಗಿ, ಆ ಎರಡು /24ಗಳಿಗೆ ಮಾತ್ರ ನಿಮ್ಮ ಎಎಸ್ ನಂಬರ್ (ನಿಮ್ಮ ನೆಟ್‌ವರ್ಕ್‌ನ ಗುರುತು ಸಂಖ್ಯೆ) ಕೊಟ್ಟು ಬೇರೆ ಆರ್‌ಒಎ ಮಾಡಿ. ಇಡೀ /22ಗೆ ಸುಮ್ನೆ ಮ್ಯಾಕ್ಸ್ ಲೆಂಗ್ತ್ 24 ಮಾಡಬೇಡಿ. ನೀವು ಅನೌನ್ಸ್ ಮಾಡದ ಉಳಿದೆರಡು /24ಗಳನ್ನು ಬೇರೆಯವರು ನಿಮ್ಮ ಎಎಸ್ ಹೆಸರಿನಲ್ಲೇ ಅನೌನ್ಸ್ ಮಾಡಿದರೂ ವ್ಯಾಲಿಡ್ ಆಗಿಬಿಡುತ್ತವೆ.

ಕೆಲವು ಗಂಟೆ ಕಾಯಿರಿ. ವ್ಯಾಲಿಡ್ ಆದಮೇಲೂ ಹಾಗೇ ಇದ್ದರೆ ಹೊಸ ಕ್ಯಾರಿಯರ್‌ನ ಫಿಲ್ಟರ್ ಮೇಲೆ ನನಗೆ ಅನುಮಾನ. /24ಗಳ ರೂಟ್ ಆಬ್ಜೆಕ್ಟ್ (ಕ್ಯಾರಿಯರ್‌ಗಳು ಫಿಲ್ಟರ್ ಮಾಡಲು ನೋಡುವ ರೂಟ್ ನೋಂದಣಿ) ಇದೆಯಾ ನೋಡಿ, ಅವರ ಎನ್‌ಒಸಿಗೆ (ನೆಟ್‌ವರ್ಕ್ ನೋಡಿಕೊಳ್ಳುವ ತಂಡ) ಬರೆಯಿರಿ.