ಗಾಳಿಯ ಸ್ಪಿಯರ್‌ಗನ್‌ಗೆ (ನೀರೊಳಗೆ ಮೀನಿಗೆ ಈಟಿ ಹೊಡೆಯುವ ಬಂದೂಕಿಗೆ) ಪ್ರತಿ ಹೊಡೆತಕ್ಕೂ ಗಾಳಿ ತುಂಬಬೇಕಾ?

ಬೇಡ. ಒಮ್ಮೆ ತುಂಬಿದ ಗಾಳಿ ಒಳಗೇ ಉಳಿಯುತ್ತದೆ, ಮೀನಿನತ್ತ ಹೋಗುವುದು ಈಟಿ ಮಾತ್ರ. ಒತ್ತಡ ಸಾಮಾನ್ಯವಾಗಿ 20 ಬಾರ್ ಆಸುಪಾಸು, ಅಂದರೆ ಕಾರಿನ ಟೈರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಈಟಿಯನ್ನು ನಳಿಗೆಯೊಳಗೆ ಒತ್ತಿದಾಗ ಪಿಸ್ಟನ್ ಹಿಂದೆ ಸರಿದು ಆ ಗಾಳಿಯನ್ನು ಇನ್ನಷ್ಟು ಅದುಮುತ್ತದೆ. ಟ್ರಿಗರ್ ಎಳೆದರೆ ಗಾಳಿ ಹಿಗ್ಗಿ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ. ಹಾಗಾಗಿ ಪ್ರತಿ ಹೊಡೆತದ ಶಕ್ತಿ ಬರುವುದು ನಿಮ್ಮ ತೋಳಿನಿಂದಲೇ.

ಗಾಳಿ ಸೋರುವುದು ಹೆಚ್ಚಾಗಿ ಸವೆದ ರಬ್ಬರ್ ಓ-ರಿಂಗ್‌ಗಳಿಂದ. ಒಳಗೆ ಹಾಕಿರುವ ಚೂರು ಎಣ್ಣೆ ಅವನ್ನು ಒಣಗಲು ಬಿಡುವುದಿಲ್ಲ. ಮೂತಿಯಲ್ಲಿ ಎಣ್ಣೆ ಜಿನುಗಿದರೆ, ಈಟಿ ತುಂಬುವುದು ಸಲೀಸಾಗುತ್ತಾ ಬಂದರೆ, ಸೋರಿಕೆ ಶುರುವಾಗಿದೆ ಅಂತ ತಿಳಿಯಿರಿ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಿರಿ. ಬಿಚ್ಚುವ ಮೊದಲು ಗಾಳಿ ಪೂರ್ತಿ ಬಿಡಲೇಬೇಕು. ಇಲ್ಲದಿದ್ದರೆ ಮೂತಿಯ ಭಾಗ ಮುಖಕ್ಕೇ ಚಿಮ್ಮಬಹುದು.