ಕಣ್ಣೆದುರು ಇಷ್ಟೆಲ್ಲ ಇದ್ದರೂ ಹೊಸತು ಯಾಕೆ ಹೊಳೆಯುತ್ತಿಲ್ಲ?

ಪ್ರಶ್ನೆ: ತಿಂಡಿ, ಮಸಾಲೆ, ಕೊಬ್ಬರಿ, ಹುಣಸೆಹಣ್ಣಿಗೆ ಪೌಚ್ ಮತ್ತು ಡಬ್ಬ ವಿನ್ಯಾಸ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಆರು ಜನರ ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ಮಾಹಿತಿಗೆ ಕೊರತೆ ಇಲ್ಲ. ಬೇರೆ ಕಂಪನಿಗಳ ಮಾದರಿ, ಮಾರಾಟದ ಲೆಕ್ಕ, ಗ್ರಾಹಕರ ದೂರು ಎಲ್ಲ ಇದೆ. ನಾಲ್ಕು ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ದಿನವಿಡೀ ಚಿತ್ರ ಬಂದು ಬೀಳುತ್ತವೆ. ಆದರೂ ಮೀಟಿಂಗ್‌ನಲ್ಲಿ ಎಲ್ಲರೂ ತರುವುದು ಅದೇ ಹಳೇ ಪೌಚ್, ಬಣ್ಣ ಮಾತ್ರ ಬೇರೆ. ಹುಡುಗರಲ್ಲಿ ಕ್ರಿಯೇಟಿವಿಟಿ ಇಲ್ಲವೋ, ನಾನೇ ಎಡವುತ್ತಿದ್ದೇನೋ? ಇನ್ನೊಂದು ತೊಂದರೆ: ಯಾರಾದರೂ ಕಂಪ್ಯೂಟರ್ ಬಿಟ್ಟು ಯೋಚನೆ ಮಾಡುತ್ತ ಕೂತರೆ ಮಾಲೀಕರಿಗೆ ಕೋಪ ಬರುತ್ತದೆ.
ಓದುಗರೊಬ್ಬರು, ತುಮಕೂರು

ಉತ್ತರ: ಹುಡುಗರನ್ನು ಬೈಯಬೇಡಿ ಸರ್. ಹೊಸ ಆರ್ಡರ್ ಬಂದ ಕೂಡಲೇ ನೀವು ಏನು ಮಾಡುತ್ತೀರಿ? ಅಂಗಡಿಯಲ್ಲಿರುವ ಹತ್ತಿಪ್ಪತ್ತು ಪೌಚ್‌ಗಳ ಫೋಟೋ ಗ್ರೂಪಿಗೆ ಹಾಕಿ, "ಇವನ್ನೆಲ್ಲ ನೋಡ್ಕೊಳ್ಳಿ, ಆದ್ರೆ ನಮ್ದು ಹೊಸ ಥರ ಇರ್ಲಿ" ಅನ್ನುತ್ತೀರಿ, ಅಲ್ವಾ? ತೊಡಕು ಶುರುವಾಗುವುದು ಅಲ್ಲೇ.

ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ ಎಂಬ ಅಮೆರಿಕದ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿಮ್ಮ ಕಸುಬಿಗೆ ಹೇಳಿ ಮಾಡಿಸಿದ ಹಾಗಿದೆ. ಕಾಫಿ ಚೆಲ್ಲದ ಲೋಟವೊಂದನ್ನು ವಿನ್ಯಾಸ ಮಾಡಿ ಎಂದು ಅವರು ಕೇಳಿದ್ದರು. ಕೆಲವರಿಗೆ ಒಂದು ಮಾದರಿ ಚಿತ್ರ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಮಾದರಿಯಲ್ಲಿ ಸ್ಟ್ರಾ ಇತ್ತು. ಸ್ಟ್ರಾ ಬಳಸಬಾರದು ಎಂದು ಬಿಡಿಸಿಯೇ ಹೇಳಿದ್ದರು. ಆದರೂ ಮಾದರಿ ನೋಡಿದ ಹಲವರ ಚಿತ್ರಗಳಲ್ಲಿ ಸ್ಟ್ರಾ ಬಂದು ಕೂತಿತ್ತು! ಕಣ್ಣು ಒಮ್ಮೆ ನೋಡಿದ್ದನ್ನು ಕೈ ಮತ್ತೆ ಮತ್ತೆ ಬಿಡಿಸುತ್ತದೆ. ನಿಮ್ಮ ಹುಡುಗರಿಗೆ ಒಂದಲ್ಲ, ದಿನಕ್ಕೆ ನೂರು ಮಾದರಿ ತೋರಿಸುತ್ತಿದ್ದೀರಿ.

ಹಾಗಂತ ಮಾಹಿತಿಯೇ ಬೇಡ ಎನ್ನುತ್ತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ. ಕೊಬ್ಬರಿಗೆ ಗಾಳಿ, ಬೆಳಕು ತಾಗಿದರೆ ಕಮಟು ವಾಸನೆ ಬರುತ್ತದೆ. ಹುಣಸೆಹಣ್ಣು ತೇವ ಎಳೆದುಕೊಂಡು ಅಂಟುತ್ತದೆ. ಎಷ್ಟು ಗ್ರಾಂ, ಎಷ್ಟು ಬೆಲೆ, ಸೀಲ್ ಮಾಡುವ ಮೆಷಿನ್‌ಗೆ ಎಷ್ಟು ಅಗಲ ಹಿಡಿಯುತ್ತದೆ? ಇವೆಲ್ಲ ಮೊದಲ ದಿನವೇ ಒಂದು ಪುಟದಲ್ಲಿ ಕೈಗೆ ಸಿಗಬೇಕು. ಇಂಥ ಕಟ್ಟುಪಾಡು ತಲೆಯನ್ನು ಚುರುಕು ಮಾಡುತ್ತದೆ. ಬೇರೆಯವರ ಪೌಚ್‌ಗಳ ಫೋಟೋ ಮಾತ್ರ ಮೂರನೇ ದಿನಕ್ಕೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಪ್ರತಿಯೊಬ್ಬರೂ ಪೆನ್ಸಿಲ್ ಹಿಡಿದು ತಮ್ಮದೇ ಐದಾರು ಚಿತ್ರ ಬರೆದಿರಲಿ. ಕೆಟ್ಟದಾಗಿದ್ದರೂ ಪರವಾಗಿಲ್ಲ. ಆಮೇಲೆ ಮಾದರಿ ನೋಡಿದರೆ ಅದು ಹೋಲಿಸಿ ತಿದ್ದುವುದಕ್ಕೆ ಆಗುತ್ತದೆ.

ನಡುವಿನ ಎರಡನೇ ದಿನ ಅವರನ್ನು ಮಂಡಿಪೇಟೆಗೆ ಕಳಿಸಿ. ಫೋಟೋ ತೆಗೆಯುವುದಕ್ಕಲ್ಲ. ದಿನಸಿ ಅಂಗಡಿಯೊಂದರಲ್ಲಿ ಕೇಳಿಕೊಂಡು ಒಂದೆರಡು ಗಂಟೆ ಸುಮ್ನೆ ನಿಂತಿರಲಿ. ಅಂಗಡಿಯವರು ಪೌಚ್ ಎಲ್ಲಿ ತೂಗುಹಾಕುತ್ತಾರೆ? ಕೊಳ್ಳುವವರು ಹಿಂದೆ ತಿರುಗಿಸಿ ಏನನ್ನು ಓದುತ್ತಾರೆ? ಅಲ್ಲಿಂದ ತಮ್ಮದೇ ಮನೆಯ ಅಡುಗೆಮನೆಗೆ ಹೋಗಲಿ. ಅಮ್ಮ ಪೌಚನ್ನು ಕತ್ತರಿಯಲ್ಲಿ ಕತ್ತರಿಸುತ್ತಾರೋ, ಹಲ್ಲಲ್ಲಿ ಕಚ್ಚುತ್ತಾರೋ? ಉಳಿದ ಮಸಾಲೆಪುಡಿಯನ್ನು ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಾರೋ, ಹಾರ್ಲಿಕ್ಸ್ ಬಾಟಲಿಗೆ ಸುರಿಯುತ್ತಾರೋ? ನನ್ನ ಲೆಕ್ಕದಲ್ಲಿ ಆ ರಬ್ಬರ್ ಬ್ಯಾಂಡ್ ಒಂದು ದೂರು. ಪೌಚ್ ಮಾಡಿದವರು ಅರ್ಧ ಬಿಟ್ಟ ಕೆಲಸವನ್ನು ಮನೆಯವರು ಮುಗಿಸಿದ್ದಾರೆ, ಅಷ್ಟೇ. ಇಂಥ ದೂರು ನಿಮ್ಮ ದೂರಿನ ಫೈಲಿಗೆ ಎಂದೂ ಬರುವುದಿಲ್ಲ. (ಕ್ರಿಯೇಟಿವಿಟಿ ತರಬೇತಿ ಅಂತ ರೆಸಾರ್ಟಿಗೆ ಕರೆದುಕೊಂಡು ಹೋಗುವವರಿದ್ದಾರೆ. ಊಟ ಚೆನ್ನಾಗಿರುತ್ತದೆ.)

ಇನ್ನು ಮೀಟಿಂಗ್. ಎಲ್ಲರೂ ಸೇರಿ ಮಾತಾಡಿದರೆ ಐಡಿಯಾ ಜಾಸ್ತಿ ಹುಟ್ಟುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಯೇಲ್ ವಿಶ್ವವಿದ್ಯಾಲಯದವರು 1958ರಲ್ಲೇ ಇದನ್ನು ಪರೀಕ್ಷೆ ಮಾಡಿದ್ದರು. ಒಟ್ಟಿಗೆ ಕೂತ ನಾಲ್ವರಿಗಿಂತ, ಬೇರೆ ಬೇರೆ ಕೂತ ನಾಲ್ವರ ಐಡಿಯಾಗಳನ್ನು ಕೂಡಿಸಿದಾಗ ಹೆಚ್ಚು ಸಿಕ್ಕವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಆರಿಹೋಗುತ್ತದೆ. ನಮ್ಮಲ್ಲಿ ಇನ್ನೂ ಒಂದಿದೆ. "ಸರ್ ಏನಂತಾರೋ" ಅಂತ ನಿಮ್ಮ ಮುಖ ನೋಡುತ್ತಾರೆ. ಅದಕ್ಕೇ ಮೀಟಿಂಗ್‌ಗೆ ಮೊದಲೇ ಚಿತ್ರಗಳನ್ನು ಹೆಸರಿಲ್ಲದೆ ಪಡೆಯಿರಿ. ಮೀಟಿಂಗ್ ಇರುವುದು ಆರಿಸುವುದಕ್ಕೆ, ಜೋಡಿಸುವುದಕ್ಕೆ. ನೀವು ಕೊನೆಗೆ ಮಾತಾಡಿ.

ವಾಟ್ಸ್‌ಆ್ಯಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಲ್ಕು ಗ್ರೂಪ್ ಒಂದಾಗಲಿ, ಬೆಳಿಗ್ಗೆ 10ರಿಂದ 12ರವರೆಗೆ ಯಾರೂ ಉತ್ತರ ಕೊಡಬೇಕಾಗಿಲ್ಲ ಎಂದು ನೀವೇ ಹೇಳಿ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಆ ಎರಡು ಗಂಟೆ ನೀವೂ ಮೆಸೇಜ್ ಹಾಕಬಾರದು. ಮೇಲಿನವರು ಹಾಕಿದರೆ ಕೆಳಗಿನವರು ನೋಡದೆ ಇರುತ್ತಾರೆಯೇ?

ಮಾಲೀಕರ ಕೋಪದ ವಿಷಯಕ್ಕೆ ಬರುತ್ತೇನೆ. ಅವರದ್ದೂ ತಪ್ಪಲ್ಲ. ಯೋಚನೆ ಕಣ್ಣಿಗೆ ಕಾಣುವುದಿಲ್ಲ, ಖಾಲಿ ಕೈ ಕಾಣುತ್ತದೆ. ಅವರಿಗೆ ಭಾಷಣ ಮಾಡಲು ಹೋಗಬೇಡಿ. ಬರೆದ ಚಿತ್ರಗಳನ್ನೆಲ್ಲ, ಕೆಟ್ಟವನ್ನೂ ಸೇರಿಸಿ, ಅವರು ಓಡಾಡುವ ಕಡೆ ಗೋಡೆಗೆ ಅಂಟಿಸಿ. ತಾರೀಕು ಹಾಕಿ. ಪಕ್ಕದಲ್ಲಿ ಒಂದು ಪೆನ್ನನ್ನೂ ದಾರ ಕಟ್ಟಿ ನೇತುಹಾಕಿ. ಅವರೇ ಎಂದಾದರೂ ನಿಂತು ಏನಾದರೂ ಗೀಚಿದರೆ, ಆ ಹಾಳೆಯನ್ನು ತೆಗೆಯಬೇಡಿ.