ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಪಿಎಚ್‌ಡಿ ಮಾಡಿದರೆ ಅವರ ಹಕ್ಕುಗಳಿಗೆ ಉಪಯೋಗ ಆಗುತ್ತಾ, ಇಲ್ಲಾ ನೇರ ಹೋರಾಟಕ್ಕೆ ಇಳಿಯಬೇಕಾ?

ಇದೇ ಪ್ರಶ್ನೆ ಹೊತ್ತು ನಾನು 2012ರಲ್ಲಿ ಸಂಶೋಧನೆಗೆ ಸೇರಿದೆ. ಉತ್ತರ ಕರ್ನಾಟಕದ ಒಂದು ಊರು. ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅಲ್ಲಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಒಬ್ಬರ ಪರಿಚಯವಾಯಿತು. ಬೀದಿಯಲ್ಲಿ ಅವರನ್ನು ಅಣ್ಣ ಅನ್ನಬೇಕು. ಕೋಣೆಯ ಬಾಗಿಲು ಹಾಕಿದ ಮೇಲೆ ಅಕ್ಕ. ಒಂದೂವರೆ ವರ್ಷ ಆ ಕೋಣೆಯಲ್ಲಿ ಚಾಪೆ ಮೇಲೆ ಕೂತು ಅವರ ಮಾತು ಕೇಳಿದೆ.

ಅಷ್ಟರಲ್ಲಿ 2013ರ ಡಿಸೆಂಬರ್ 11 ಬಂತು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸದು ಎಂದು ದೆಹಲಿ ಹೈಕೋರ್ಟ್ 2009ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿಬಿಟ್ಟಿತು. ತೀರ್ಪಿನ ಎರಡು ಮಾತು ಚುಚ್ಚಿದವು. ಇಂಥವರು ದೇಶದಲ್ಲಿ ತೀರಾ ಸಣ್ಣ ಪಾಲು ಅನ್ನುವುದು ಒಂದು. ತಾರತಮ್ಯ ನಡೆದ ಘಟನೆಗಳ ವಿವರ ಅರ್ಜಿಯಲ್ಲಿ ಇಲ್ಲ ಅನ್ನುವುದು ಇನ್ನೊಂದು. ವಿವರ ಬೇಕಾ? ತಗೊಳ್ಳಿ ಅಂತ ಬರೆಯಲು ಕೂತೆ.

ತಪ್ಪಾಗಿದ್ದು ಅಲ್ಲೇ. ಅಕ್ಕನ ಹೆಸರು ಬದಲಿಸಿದ್ದೆ, ವಯಸ್ಸು ಎರಡು ವರ್ಷ ಹೆಚ್ಚು ಮಾಡಿದ್ದೆ. ಸಾಕು ಅಂದುಕೊಂಡೆ. ಆದರೆ ಹಿಟ್ಟಿನ ಗಿರಣಿ ಮೇಲಿನ ಕೋಣೆ ಹಾಗೇ ಇತ್ತು. ಖಾನಾವಳಿ ಹಾಗೇ ಇತ್ತು. ಅಣ್ಣ-ಅಕ್ಕ ವಿಷಯವನ್ನಂತೂ ಸೊಗಸಾಗಿ ಬರೆದಿದ್ದೆ. ಬೆಂಗಳೂರಲ್ಲಿ ಓದುವವರಿಗೆ ಅದು ಯಾವುದೋ ಗಿರಣಿ. ಆ ಊರಲ್ಲಿ ಮೇಲೆ ಕೋಣೆ ಇರುವ ಗಿರಣಿ ಒಂದೇ ಒಂದು! ಗೈಡ್ ಓದಿದರು, ಸಮಿತಿಯವರು ಓದಿದರು, ಸೆಮಿನಾರಿನ ಪುಸ್ತಕದಲ್ಲಿ ಅಧ್ಯಾಯ ಅಚ್ಚೂ ಆಯಿತು. ಅಕ್ಕನಿಗೆ ಮಾತ್ರ ಓದಿ ಹೇಳಿರಲಿಲ್ಲ. ಹೇಳಿದ್ದರೆ ‘ಗಿರಣಿ ತೆಗಿ’ ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದರು. ಯಾರೋ ಊರಿನವರು ಜೆರಾಕ್ಸ್ ಮಾಡಿಸಿ ಮನೆ ಮಾಲೀಕನಿಗೆ ತಲುಪಿಸಿದರು. ಎರಡು ದಿನದಲ್ಲಿ ಕೋಣೆ ಖಾಲಿ ಮಾಡಿಸಿದ. ಖಾನಾವಳಿ ಕೆಲಸವೂ ಹೋಯಿತು. ಅವರ ಬಳಗದಲ್ಲಿ ಒಬ್ಬರೂ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಸರಿಯಾಗೇ ಮಾಡಿದರು.

ಆಮೇಲೆ ಗೊತ್ತಾಗಿದ್ದು ಇನ್ನೂ ಖಾರವಾಗಿತ್ತು. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಲ್ಲಿ ಹಿಜ್ರಾಗಳ ಹೆಸರು, ವಾಸದ ಜಾಗ ಬರೆದಿಡುವ ರಿಜಿಸ್ಟರ್ ಇತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂನಲ್ಲೂ ಹೆಚ್ಚುಕಡಿಮೆ ಅದೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ನನ್ನ ಅಧ್ಯಾಯವೂ ಅಂಥದ್ದೇ ರಿಜಿಸ್ಟರ್ ಆಗಿತ್ತು, ಅಲ್ವಾ?

ಹಾಗಾಗಿ ‘ಸಂಶೋಧನೆಯೋ ಹೋರಾಟವೋ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. 2001 ಮತ್ತು 2003ರಲ್ಲಿ ಪಿಯುಸಿಎಲ್ ಕರ್ನಾಟಕ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆಯವರು ಬೆಂಗಳೂರಿನಲ್ಲಿ ಇಂಥವರ ಮೇಲೆ ನಡೆದ ದೌರ್ಜನ್ಯಗಳ ಬಗ್ಗೆ ವರದಿ ತಂದರು. ಅದನ್ನು ಯಾವ ಕಡೆ ಹಾಕುತ್ತೀರಿ? ಅಮೆರಿಕದಲ್ಲಿ ಎವೆಲಿನ್ ಹೂಕರ್ ಎಂಬ ಮನೋವಿಜ್ಞಾನಿ 30 ಸಲಿಂಗಿ ಗಂಡಸರಿಗೂ 30 ಇತರ ಗಂಡಸರಿಗೂ ಮನೋಪರೀಕ್ಷೆ ಮಾಡಿದರು. ಯಾರು ಯಾರೆಂದು ತಜ್ಞರಿಗೇ ಗುರುತಿಸಲು ಆಗಲಿಲ್ಲ. 1957ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದಿದ್ದು 1973ರಲ್ಲಿ. ಹದಿನಾರು ವರ್ಷ! ನನಗೆ ಮುಖ್ಯ ಅನಿಸಿದ್ದು ಬೇರೆ. ಬಂದವರು ಯಾರ ಕಣ್ಣಿಗೂ ಬೀಳಬಾರದು ಅಂತ ಹೂಕರ್ ತಮ್ಮ ಮನೆಯಲ್ಲೇ ಅವರನ್ನು ಮಾತಾಡಿಸುತ್ತಿದ್ದರು.

ಮೂರು ವರ್ಷದಲ್ಲಿ ಮುಗಿಸುವ ಆತುರ ಇದ್ದರೆ ಈ ವಿಷಯ ಬಿಟ್ಟುಬಿಡಿ. ಬೇರೆ ವಿಷಯ ಎಷ್ಟೋ ಇವೆ. ಮಾಡುವುದೇ ಆದರೆ ಬರೆದ ಪ್ರತಿ ಪುಟವನ್ನೂ ಗೈಡ್‌ಗಿಂತ ಮೊದಲು, ಯಾರ ಬಗ್ಗೆ ಬರೆದಿರೋ ಅವರಿಗೆ ಓದಿ ಹೇಳಿ. ಅವರು ಹೊಡೆದುಹಾಕಿದ ಸಾಲನ್ನು ವಾಪಸ್ ತರಬೇಡಿ, ಅದು ಎಷ್ಟೇ ಚೆನ್ನಾಗಿರಲಿ. ಸಮಿತಿಯ ಸಹಿ ಬಿದ್ದಿದೆ ಅಂತ ಸುಮ್ನೆ ಕೂರಬೇಡಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತನ್ನ ಹಳೇ ತೀರ್ಪನ್ನು ತಳ್ಳಿಹಾಕಿತು. ಆ ಸಂಜೆ ಅಕ್ಕ ಫೋನ್ ಮಾಡಿದರು, ನಾಲ್ಕು ವರ್ಷದ ಮೇಲೆ.

“ಕೋರ್ಟಿನವರು ಬರದದ್ದರಾಗ ನಂದೇನರ ಬಂದೈತೇನು?”

“ಇಲ್ರೀ ಅಕ್ಕಾ.”

“ಹಂಗಾದ್ರ ಚಲೋ ಆತು ಬಿಡು” ಅಂದು ಇಟ್ಟುಬಿಟ್ಟರು.